ಮೊದಲ ಸಲ ಮೈಕು ಹಿಡಿಯುವವರಿಗಾಗಿ ಒಂದು ಕಾನ್ಫರೆನ್ಸ್

ಸಾಫ್ಟ್‌ವೇರ್ ಕಾನ್ಫರೆನ್ಸ್ ಅಂದರೆ ಬೆಂಗಳೂರು ಎಂದು ನಮ್ಮ ಕಡೆಯವರು ಯಾವತ್ತೋ ಒಪ್ಪಿಕೊಂಡುಬಿಟ್ಟಿದ್ದರು. ನಾನೂ ಬಹಳ ಕಾಲ ಹಾಗೇ ನಡೆದುಕೊಂಡೆ. ಹುಬ್ಬಳ್ಳಿಯಿಂದ ರಾತ್ರಿ ರೈಲು ಹತ್ತುವುದು, ಬೆಳಿಗ್ಗೆ ಗೆಳತಿಯ ರೂಮಿನಲ್ಲಿ ಸ್ನಾನ ಮುಗಿಸಿ ಹಾಲ್‌ಗೆ ಓಡುವುದು, ಸಂಜೆ ಮತ್ತೆ ರೈಲು. ಹೋದಾಗಲೆಲ್ಲ ಏನಾದರೊಂದು ಕಲಿತೇ ಬಂದಿದ್ದೇನೆ. ಆ ಸಭೆಗಳನ್ನು ಕಟ್ಟಿದವರ ಬಗ್ಗೆ ನನಗೆ ತುಂಬು ಗೌರವವಿದೆ. 2001ರಲ್ಲಿ ಲಿನಕ್ಸ್ ಬೆಂಗಳೂರು ಎಂಬ ಹೆಸರಿನಲ್ಲಿ ಶುರುವಾಗಿ ಆಮೇಲೆ ಫಾಸ್ ಡಾಟ್ ಇನ್ ಆದ ಮುಕ್ತ ತಂತ್ರಾಂಶಗಳ ಸಮ್ಮೇಳನ ಇರಲಿ, 2009ರ ಸೆಪ್ಟೆಂಬರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಡೆದ, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬಳಸುವವರ ಮೊದಲ ಪೈಕಾನ್ ಇಂಡಿಯಾ ಇರಲಿ, ನಡೆಸಿದವರು ಹಗಲು ತಮ್ಮ ಕೆಲಸ ಮಾಡಿಕೊಂಡು ಉಳಿದ ಹೊತ್ತಿನಲ್ಲಿ ಇದನ್ನು ಹೊತ್ತ ಸ್ವಯಂಸೇವಕರು. ಅವರು ಮಾಡಿದ್ದನ್ನು ನಮ್ಮ ಊರಿನಲ್ಲಿ ನಾವು ಮಾಡಬಾರದೇಕೆ ಅನ್ನುವ ಯೋಚನೆ ನನಗೆ ತಡವಾಗಿ ಬಂತು. ಅದಕ್ಕೆ ಮೊದಲು ನಾನೇ ಒಂದು ಸಲ ಮೈಕಿನ ಮುಂದೆ ನಿಲ್ಲಬೇಕಾಯಿತು.

ನನ್ನ ಮೊದಲ ಟಾಕ್ ಹುಟ್ಟಿದ್ದು ಕೆಲಸದಲ್ಲಿ ಎದುರಾದ ಒಂದು ತೊಡಕಿನಿಂದ. ಸಹಕಾರಿ ಸಂಘವೊಂದು ತನ್ನ ಸದಸ್ಯರಿಗೆ ಕನ್ನಡದಲ್ಲಿ ಎಸ್‌ಎಂಎಸ್ ಕಳಿಸುವ ವ್ಯವಸ್ಥೆಯನ್ನು ನಾವು ಬರೆದುಕೊಟ್ಟಿದ್ದೆವು. ಸಾಲದ ಕಂತು ಇಂಥ ದಿನ ಇದೆ, ಇಷ್ಟು ಹಣ ಜಮಾ ಆಗಿದೆ ಎಂಬಂಥ ಪುಟ್ಟ ಸಂದೇಶಗಳು. ತಿಂಗಳ ಕೊನೆಗೆ ಬಂದ ಬಿಲ್ಲು ಅಂದಾಜಿನ ಎರಡು ಪಟ್ಟಾಗಿತ್ತು. ಇಂಗ್ಲಿಷ್ ಸಂದೇಶವಾದರೆ ಒಂದಕ್ಕೆ 160 ಅಕ್ಷರ ಹಿಡಿಯುತ್ತದೆ. ಕನ್ನಡವಾದರೆ 70 ಮಾತ್ರ. ಆ 70 ಎಂಬುದು ನಾವು ಕಣ್ಣಿನಿಂದ ಎಣಿಸುವ ಅಕ್ಷರವಲ್ಲ, ಕಂಪ್ಯೂಟರಿನಲ್ಲಿ ಲಿಪಿಯ ಒಂದೊಂದು ಚಿಹ್ನೆಗೂ ಗೊತ್ತುಮಾಡಿದ ಯೂನಿಕೋಡ್ ಸಂಕೇತಗಳು. ಒತ್ತಕ್ಷರ, ಗುಡಿಸು, ಕೊಂಬು ಎಲ್ಲ ಬೇರೆ ಬೇರೆ ಲೆಕ್ಕಕ್ಕೆ ಬೀಳುತ್ತವೆ. ಹಾಗಾಗಿ ಒಂದೇ ಸಂದೇಶ ಅನ್ನಿಸುವಂಥದ್ದು ಎರಡಾಗಿ ಹೋಗುತ್ತಿತ್ತು.

ಈ ವಿಷಯವನ್ನು ಬೆಂಗಳೂರಿನ ಒಂದು ಶನಿವಾರದ ಮೀಟಪ್‌ನಲ್ಲಿ ಇಪ್ಪತ್ತು ನಿಮಿಷ ಮಾತಾಡಿದೆ. ಸ್ಲೈಡುಗಳಿಗಿಂತ ಹೆಚ್ಚಾಗಿ ನೆಚ್ಚಿದ್ದು ಒಂದೇ ಡೆಮೊ. ಪೈಥಾನ್ ತೆರೆದು ‘ಹುಬ್ಬಳ್ಳಿ’ ಎಂದು ಟೈಪ್ ಮಾಡಿ, ಇದರಲ್ಲಿ ಎಷ್ಟು ಅಕ್ಷರ ಎಂದು ಕೂತವರನ್ನು ಕೇಳಿದೆ. ಕನ್ನಡ ಬಲ್ಲವರು ಮೂರು ಅಂದರು: ಹು, ಬ್ಬ, ಳ್ಳಿ. ಪೈಥಾನಿನಲ್ಲಿ ಉದ್ದ ಎಣಿಸುವ ಲೆನ್ ಹೇಳಿದ್ದು 9. ಆ ಸಂಕೇತಗಳನ್ನು ಬೈಟುಗಳಾಗಿ ಉಳಿಸಿಡುವ ಯುಟಿಎಫ್-8 ಕ್ರಮಕ್ಕೆ ತಿರುಗಿಸಿ ಬೈಟ್ ಎಣಿಸಿದರೆ 27, ಏಕೆಂದರೆ ಕನ್ನಡದ ಪ್ರತಿಯೊಂದು ಸಂಕೇತಕ್ಕೆ ಮೂರು ಬೈಟ್ ಬೇಕು. ನೋಡುಗರ ಕಣ್ಣಿಗೆ ಒಂದಾಗಿ ಕಾಣುವುದನ್ನು ಒಂದೆಂದು ಎಣಿಸಲೆಂದೇ ಇರುವ ರೆಜೆಕ್ಸ್ ಲೈಬ್ರರಿಯ ಸೌಲಭ್ಯ ಬಳಸಿದರೆ 5 ಬಂತು: ಹು, ಬ್, ಬ, ಳ್, ಳಿ. ಹಿಂದಿಯಂಥ ಕೆಲವು ಭಾಷೆಗಳ ಒತ್ತಕ್ಷರವನ್ನು ಒಂದಾಗಿ ಹಿಡಿಯುವ ನಿಯಮ ಯೂನಿಕೋಡಿನ 15.1 ಆವೃತ್ತಿಯಲ್ಲಿ ಸೇರಿತು. ಆ ಪಟ್ಟಿಯಲ್ಲಿ ತೆಲುಗು, ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ. ಕೊನೆಗೆ ಆ ಪದವನ್ನು ಹಿಂದುಮುಂದು ಮಾಡುವ ಒಂದು ಸಾಲು ಓಡಿಸಿದೆ. ಹಿಡಿದುಕೊಳ್ಳಲು ವ್ಯಂಜನ ಸಿಗದ ಗುಡಿಸು ಚುಕ್ಕಿಗಳ ವೃತ್ತವೊಂದರ ಮೇಲೆ ಕೂತು ಪರದೆಗೆ ಬಂತು. ಅಲ್ಲಿಯವರೆಗೆ ಫೋನ್ ನೋಡುತ್ತಿದ್ದವರೂ ತಲೆ ಎತ್ತಿದರು.

ಟಾಕ್ ಮುಗಿದ ಮೇಲೆ ಬಂದ ಪ್ರಶ್ನೆಗಳೇ ನನ್ನನ್ನು ಹಿಡಿದು ನಿಲ್ಲಿಸಿದ್ದು. ‘ಕೋ’ ಎಂಬುದನ್ನು ಯೂನಿಕೋಡಿನಲ್ಲಿ ಎರಡು ಸಂಕೇತಗಳಲ್ಲೂ ಬರೆಯಬಹುದು, ಬಿಡಿಬಿಡಿಯಾಗಿ ನಾಲ್ಕರಲ್ಲೂ ಬರೆಯಬಹುದು. ನಿಮ್ಮ ಸದಸ್ಯರ ಪಟ್ಟಿಯಲ್ಲಿ ಹುಡುಕಿದರೆ ಎರಡೂ ಸಿಗುತ್ತವೆಯೇ ಎಂದು ಒಬ್ಬರು ಕೇಳಿದರು. ಮರುದಿನವೇ ನಮ್ಮ ಡೇಟಾಬೇಸಿನಲ್ಲಿ ನೋಡಿದೆ. ಹೆಸರುಗಳನ್ನು ಒಂದೇ ರೂಪಕ್ಕೆ ತರುವ ಒಂದು ಹೆಜ್ಜೆ ಸೇರಿಸಿದೆವು. ಸಭೆಯಲ್ಲಿ ಮಾತಾಡುವುದರಿಂದ ಮೊದಲ ಲಾಭ ಮಾತಾಡಿದವರಿಗೇ ಎಂದು ನನಗೆ ಅಲ್ಲಿ ಖಾತ್ರಿಯಾಯಿತು. ಜೊತೆಗೆ ಇನ್ನೊಂದು ವಿಷಯ ತಲೆಯಲ್ಲಿ ಕೂತಿತು. ಇಂಥ ತೊಡಕುಗಳನ್ನು ದಿನವೂ ಬಿಡಿಸುವವರು ಹುಬ್ಬಳ್ಳಿ, ಗದಗ, ಹಾವೇರಿಯಲ್ಲಿ ಬೇಕಾದಷ್ಟು ಇದ್ದಾರೆ, ಅವರ ಕೈಗೆ ಮೈಕು ಕೊಟ್ಟವರು ಯಾರೂ ಇಲ್ಲ.

ಹಾಗೆ ಶುರುವಾದದ್ದು ನಮ್ಮ ಗುಂಪು. ಮೊದಲು ತಿಂಗಳಿಗೊಮ್ಮೆ ಒಂದು ಕಚೇರಿಯ ಕೋಣೆಯಲ್ಲಿ ಸೇರುತ್ತಿದ್ದೆವು, ಆಮೇಲೆ ವರ್ಷಕ್ಕೊಂದು ದಿನದ ಕಾನ್ಫರೆನ್ಸ್ ಮಾಡೋಣ ಎಂದಾಯಿತು. ಮೊದಲ ಸಭೆಯಲ್ಲೇ ದೊಡ್ಡ ವಾದ ಬಂತು. ಬೆಂಗಳೂರಿನಿಂದ ಹೆಸರಾಂತ ನಾಲ್ಕು ಜನರನ್ನು ಕರೆಸಿದರೆ ಹಾಲ್ ತಾನಾಗಿ ತುಂಬುತ್ತದೆ, ಸ್ಪಾನ್ಸರ್ ಸುಲಭವಾಗಿ ಸಿಗುತ್ತಾರೆ ಎಂದು ಅರ್ಧ ಜನ. ಅವರ ಲೆಕ್ಕದಲ್ಲಿ ಸುಳ್ಳೇನೂ ಇರಲಿಲ್ಲ. ನಾನು ಪಟ್ಟು ಹಿಡಿದೆ: ಹೊರಗಿನಿಂದ ಒಬ್ಬರೇ ಬರಲಿ, ಉಳಿದ ಟಾಕ್‌ಗಳು ನಮ್ಮ ಸುತ್ತಲಿನ ಜಿಲ್ಲೆಗಳವರದ್ದೇ ಇರಲಿ, ಅವರಲ್ಲಿ ಅರ್ಧದಷ್ಟು ಜನ ಎಂದೂ ವೇದಿಕೆ ಹತ್ತದವರಿರಲಿ. ಕೇಳುವವರಾಗಿಯೇ ಬಂದು ಕೇಳುವವರಾಗಿಯೇ ಹೋದರೆ ಮುಂದಿನ ವರ್ಷವೂ ನಾವು ಬೆಂಗಳೂರಿಗೇ ಫೋನ್ ಮಾಡಬೇಕು. ಬಹಳ ಹೊತ್ತು ಜಗ್ಗಾಡಿ ಕೊನೆಗೆ ಎಲ್ಲರೂ ಒಪ್ಪಿದರು.

ದಿನ ಗೊತ್ತು ಮಾಡುವುದು ಹೊರಗಿನವರಿಗೆ ಸುಲಭದ ಕೆಲಸ ಅನ್ನಿಸಬಹುದು. ವಿಟಿಯು ಪರೀಕ್ಷೆಯ ವೇಳಾಪಟ್ಟಿ ಬಿಟ್ಟು ನೋಡಬೇಕು, ಇಲ್ಲವಾದರೆ ವಿದ್ಯಾರ್ಥಿಗಳೂ ಇಲ್ಲ, ಕಾಲೇಜಿನ ಹಾಲೂ ಇಲ್ಲ. ಏಪ್ರಿಲ್, ಮೇ ಬಿಸಿಲಿಗೆ ಹೋದವು. ಗಣಪತಿ ಹಬ್ಬದ ದಿನಗಳಲ್ಲಿ ಹುಬ್ಬಳ್ಳಿ ಬೇರೆ ಯಾವುದಕ್ಕೂ ಬಿಡುವು ಕೊಡುವುದಿಲ್ಲ. ಕೊನೆಗೆ ಉಳಿದದ್ದು ಚಳಿಗಾಲದ ಎರಡೋ ಮೂರೋ ಭಾನುವಾರಗಳು. ಹಾಲ್ ಒಂದು ಕಾಲೇಜಿನವರು ಬಾಡಿಗೆಯಿಲ್ಲದೆ ಕೊಟ್ಟರು. ಉದ್ಘಾಟನೆ ಇರಲೇಬೇಕು ಎಂಬುದೊಂದು ಷರತ್ತು. ದೀಪ ಬೆಳಗಿಸಿ ಹತ್ತು ನಿಮಿಷದಲ್ಲಿ ಮುಗಿಸೋಣ, ಹಾರ ಶಾಲು ಬೇಡ, ಆ ಹಣಕ್ಕೆ ಇನ್ನೊಂದು ಕಾರ್ಡ್‌ಲೆಸ್ ಮೈಕು ತರೋಣ ಎಂದು ವಿನಂತಿಸಿಕೊಂಡೆವು. ಪ್ರಿನ್ಸಿಪಾಲರು ನಕ್ಕು ಒಪ್ಪಿದರು, ಆ ದಿನ ಸಂಜೆಯವರೆಗೆ ಮೂರನೇ ಸಾಲಿನಲ್ಲಿ ಕೂತು ಎಲ್ಲ ಟಾಕ್ ಕೇಳಿದರು.

ಹಣದ ವಿಷಯ ಒಂದಿಷ್ಟು ಬಿಡಿಸಿ ಹೇಳಬೇಕು, ಹೊಸದಾಗಿ ಮಾಡುವವರು ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ಕಂಪನಿಯವರು ಸ್ಪಾನ್ಸರ್ ಮಾಡುತ್ತೇವೆ ಅಂದರೆ ಸಾಕು, ಕವರಿನಲ್ಲಿ ಹಣ ಬರುತ್ತದೆ ಎಂದುಕೊಳ್ಳಬೇಡಿ. ಅವರಿಗೆ ಇನ್‌ವಾಯ್ಸ್ ಬೇಕು, ಪ್ಯಾನ್ ಬೇಕು, ಸಂಸ್ಥೆಯ ಹೆಸರಿನ ಬ್ಯಾಂಕ್ ಖಾತೆ ಬೇಕು. ಹಲವರು ಜಿಎಸ್‌ಟಿ ನಂಬರ್ ಇಲ್ಲದಿದ್ದರೆ ಮಾತೇ ಮುಂದುವರಿಸುವುದಿಲ್ಲ. ಪೈಕಾನ್ ಇಂಡಿಯಾದ ಹಿಂದೆ ಪೈಥಾನ್ ಸಾಫ್ಟ್‌ವೇರ್ ಸೊಸೈಟಿ ಆಫ್ ಇಂಡಿಯಾ ಎಂಬ ನೋಂದಾಯಿತ ಸಂಸ್ಥೆ ನಿಂತಿರುವುದು ಸುಮ್ಮನೆ ಅಲ್ಲ ಎಂದು ನನಗೆ ಅರ್ಥವಾದದ್ದು ಆಗ. ಕರ್ನಾಟಕದಲ್ಲಿ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಮಾಡಿಕೊಳ್ಳಬಹುದು, ಆದರೆ ಆಮೇಲೆ ಪ್ರತಿ ವರ್ಷ ಲೆಕ್ಕಪತ್ರ, ಸಾಮಾನ್ಯ ಸಭೆ ಎಲ್ಲ ತಪ್ಪದೆ ನಡೆಸಬೇಕು. ನಾವು ಮೊದಲ ವರ್ಷ ಕಾಲೇಜಿನ ವಿದ್ಯಾರ್ಥಿ ಸಂಘದ ಖಾತೆಯ ಮೂಲಕವೇ ನಡೆಸಿ, ಆಮೇಲೆ ಸಂಘ ನೋಂದಾಯಿಸಿದೆವು. ಒಂದು ಕಂಪನಿಯ ಹಣ ಕಾರ್ಯಕ್ರಮ ಮುಗಿದು ಮೂರು ತಿಂಗಳಾದ ಮೇಲೆ ಬಂತು, ಅದೂ ಟಿಡಿಎಸ್, ಅಂದರೆ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ, ಹಿಡಿದುಕೊಂಡು. ಹಿಡಿದ ಮೊತ್ತ ಆದಾಯ ತೆರಿಗೆ ಇಲಾಖೆಯ ದಾಖಲೆಯಲ್ಲಿ ಕಾಣುತ್ತದೆ, ರಿಟರ್ನ್ ಸಲ್ಲಿಸಿ ವಾಪಸ್ ಪಡೆಯಬೇಕು. ಅಲ್ಲಿಯವರೆಗೆ ಊಟದವರಿಗೆ, ಪ್ರಿಂಟಿಂಗ್‌ನವರಿಗೆ ಕೈಯಿಂದ ಕೊಡುವ ಶಕ್ತಿ ಇರಬೇಕು. ಆದ್ದರಿಂದ ಸ್ಪಾನ್ಸರ್ ಹಣ ಬರುವ ಮೊದಲೇ, ಟಿಕೆಟ್ ಹಣದಲ್ಲಿ ಊಟ ಮತ್ತು ಮೈಕು ಎರಡೂ ಸರಿದೂಗುವಂತೆ ಬಜೆಟ್ ಬರೆಯಿರಿ. ಟಿಕೆಟ್ 200 ರೂಪಾಯಿ ಇಟ್ಟೆವು, ವಿದ್ಯಾರ್ಥಿಗಳಿಗೆ 100. ಪುಕ್ಕಟೆ ಇಟ್ಟರೆ ಹೆಸರು ಬರೆಸಿದವರಲ್ಲಿ ಎಷ್ಟು ಜನ ಬರುತ್ತಾರೆಂಬುದು ಆ ದಿನ ಬೆಳಗಿನವರೆಗೂ ತಿಳಿಯುವುದಿಲ್ಲ, ಎಷ್ಟು ರೊಟ್ಟಿ ಬಡಿಯಬೇಕೆಂದು ಹೇಳಲಾಗುವುದಿಲ್ಲ.

ಇನ್ನು ಪ್ರಪೋಸಲ್‌ಗಳು, ಅಂದರೆ ಇಂಥ ವಿಷಯ ಮಾತಾಡುತ್ತೇನೆ ಎಂದು ಸ್ಪೀಕರ್ ಆಗಬಯಸುವವರು ಬರೆದು ಕಳಿಸುವ ಪತ್ರಗಳು. ನನ್ನ ಮನಸ್ಸು ಇರುವುದೇ ಇಲ್ಲಿ.

ಕರೆ ಕೊಟ್ಟ ಮೊದಲ ವಾರ ಬಂದದ್ದೆಲ್ಲ ಒಂದೇ ಬಗೆಯವು. ಕೃತಕ ಬುದ್ಧಿಮತ್ತೆಯ ಭವಿಷ್ಯ, ಬ್ಲಾಕ್‌ಚೈನ್ ಪರಿಚಯ, ಕ್ಲೌಡ್ ಎಂದರೇನು. ಬರೆದವರು ಬುದ್ಧಿವಂತರೇ. ಆದರೆ ಕಾನ್ಫರೆನ್ಸ್ ಎಂದರೆ ದೊಡ್ಡದನ್ನೇ ಮಾತಾಡಬೇಕು ಎಂದು ಅವರಿಗೆ ಯಾರೋ ಹೇಳಿಕೊಟ್ಟಿದ್ದರು. ನಾವು ಕರೆಯನ್ನೇ ಬದಲಿಸಿದೆವು. ವಿಷಯ ಏನು ಎಂದು ಕೇಳುವ ಜಾಗದಲ್ಲಿ ಮೂರು ಪ್ರಶ್ನೆ ಇಟ್ಟೆವು: ಈ ವರ್ಷ ನಿಮ್ಮನ್ನು ಎರಡು ದಿನಕ್ಕಿಂತ ಹೆಚ್ಚು ಕಾಡಿದ ತೊಡಕು ಯಾವುದು, ಅದನ್ನು ಹೇಗೆ ಬಿಡಿಸಿದಿರಿ, ಬಿಡಿಸುವ ಮೊದಲು ಯಾರಾದರೂ ಏನು ಹೇಳಿದ್ದರೆ ನಿಮಗೆ ಅನುಕೂಲವಾಗುತ್ತಿತ್ತು? ಕನ್ನಡದಲ್ಲಾಗಲಿ ಇಂಗ್ಲಿಷಿನಲ್ಲಾಗಲಿ ಬರೆಯಿರಿ, ಯಾವುದರಲ್ಲಾದರೂ ಮಾತಾಡಿ ಎಂದೆವು. ಅಲ್ಲಿಂದ ಬೇರೆಯೇ ತರಹದವು ಬರತೊಡಗಿದವು. ಹೆಸರು, ಕಾಲೇಜು, ಕಂಪನಿ ಮುಚ್ಚಿಟ್ಟು ಓದುವ ಪದ್ಧತಿ ಹಲವು ಕಾನ್ಫರೆನ್ಸ್‌ಗಳಲ್ಲಿದೆ, ಅದನ್ನೇ ತಂದುಕೊಂಡೆವು. ಓದುವವರು ಮೂವರು. ಅಂಕ ಕೊಟ್ಟ ಮೇಲಷ್ಟೇ ಹೆಸರು ತೆರೆಯುವುದು. ಬೇಡ ಅಂದ ಪ್ರಪೋಸಲ್‌ಗೂ ಯಾಕೆ ಎಂದು ನಾಲ್ಕು ಸಾಲು ಬರೆದು ಕಳಿಸುವುದು ಕಡ್ಡಾಯ ಮಾಡಿದೆವು. ಈ ನಾಲ್ಕು ಸಾಲು ಬರೆಯಲು ಹಿಡಿಯುವ ಶ್ರಮ ಹೊರಗೆ ಕಾಣುವುದಿಲ್ಲ. ಮುಂದಿನ ವರ್ಷ ಮತ್ತೆ ಬರೆದವರಲ್ಲಿ ಹಲವರು ಆ ಸಾಲುಗಳನ್ನೇ ಇಟ್ಟುಕೊಂಡು ಬಂದರು.

ಬ್ಯಾಡಗಿ ಕಡೆಯ ಒಬ್ಬ ವಿದ್ಯಾರ್ಥಿನಿಯ ಪ್ರಪೋಸಲ್ ಮೊದಲ ಓದಿನಲ್ಲಿ ಕೆಳಗೆ ಉಳಿದಿತ್ತು. ಮಶೀನ್ ಲರ್ನಿಂಗ್ ಮೂಲಕ ಕೃಷಿ ಬೆಲೆ ಮುನ್ಸೂಚನೆ ಎಂದು ತಲೆಬರಹ. ಅದರ ಕೊನೆಯ ಪ್ಯಾರಾದಲ್ಲಿ ಮಾತ್ರ ಒಂದು ಸಾಲು ಇತ್ತು: ಮಾರುಕಟ್ಟೆಯ ದರಪಟ್ಟಿ ಓದಿ ದಿನವೂ ಅಪ್ಪನ ಫೋನಿಗೆ ಕಳಿಸುವ ಒಂದು ಪ್ರೋಗ್ರಾಂ ಬರೆದಿದ್ದೇನೆ. ಆ ಒಂದು ಸಾಲು ಹಿಡಿದು ಫೋನ್ ಮಾಡಿದೆ. ವಿಡಿಯೋ ಕರೆಯಲ್ಲಿ ಆಕೆ ತನ್ನ ಕೋಡ್ ತೋರಿಸಿದಳು. ಮೆಣಸಿನಕಾಯಿಯ ತಳಿಗಳ ಹೆಸರು ಬರೆದವರ ಮನಸ್ಸಿಗೆ ಬಂದಂತೆ ದಾಖಲಾಗಿದ್ದವು. ಬ್ಯಾಡಗಿ ಡಬ್ಬಿ, ಬ್ಯಾಡಗಿ ಕಡ್ಡಿ ಎಂದು ಎರಡು ತಳಿಗಳಿವೆ. ಒಂದು ದಿನ ‘ಬ್ಯಾಡಗಿ’, ಇನ್ನೊಂದು ದಿನ ‘ಬ್ಯಾಡಿಗಿ’, ಮತ್ತೊಂದು ದಿನ ಬರೀ ‘ಡಬ್ಬಿ’. ಕ್ವಿಂಟಾಲಿನ ದರದಲ್ಲಿ ಒಂದು ಸೊನ್ನೆ ಹೆಚ್ಚಾದ ದಿನಗಳೂ ಇದ್ದವು. ಇವನ್ನೆಲ್ಲ ಹೇಗೆ ಸರಿಪಡಿಸಿದೆ ಎಂದು ಕೇಳಿದಾಗ ಅರ್ಧ ಗಂಟೆ ತಡೆಯಿಲ್ಲದೆ ಮಾತಾಡಿದಳು. ಸೊನ್ನೆ ಹೆಚ್ಚಿದ್ದನ್ನು ಹಿಡಿಯಲು ಹಿಂದಿನ ವಾರದ ಸರಾಸರಿಗೆ ಹೋಲಿಸುವ ಉಪಾಯ ಅಪ್ಪನದೇ ಅಂತೆ. ಅವರು ಪಟ್ಟಿ ನೋಡಿದ ಕೂಡಲೇ ಇದು ಸುಳ್ಳು ದರ ಅನ್ನುತ್ತಿದ್ದರು, ಹೇಗೆ ಗೊತ್ತಾಯಿತು ಎಂದು ಕೇಳಿ ಕೇಳಿ ಆ ಲೆಕ್ಕವನ್ನು ಕೋಡಿಗೆ ಇಳಿಸಿದ್ದಳು.

‘ಇದನ್ನ ಹೇಳವಾ, ಮುನ್ಸೂಚನೆ ಬಿಡು’ ಎಂದೆ.

‘ಇದರಾಗ ಹೇಳೂವಂಥಾದ್ದು ಏನೈತ್ರಿ ಅಕ್ಕಾ? ಎಲ್ಲಾರೂ ನಗೂದಿಲ್ಲೇನ್ರಿ?’

‘ನಗೋರು ಒಮ್ಮೆ ತಾವೇ ಆ ಪಟ್ಟಿ ಓದಿ ನೋಡ್ಲಿ.’

ರಿಹರ್ಸಲ್‌ಗಳು ಶುರುವಾದವು. ಹೊಸಬರೆಲ್ಲರಿಗೂ ಒಬ್ಬೊಬ್ಬ ಜೊತೆಗಾರರನ್ನು ಕೊಟ್ಟಿದ್ದೆವು, ಈಕೆಗೆ ನಾನು. ಮೊದಲ ಸಲ ಆಕೆ ಸ್ಲೈಡಿನಲ್ಲಿದ್ದುದನ್ನು ಇಂಗ್ಲಿಷಿನಲ್ಲಿ ಓದಿದಳು, ಆರೇ ನಿಮಿಷಕ್ಕೆ ಮುಗಿಯಿತು. ಸ್ಲೈಡು ಮುಚ್ಚಿ ನಿಮ್ಮ ಮನೆಯಲ್ಲಿ ಇದನ್ನು ಯಾರಿಗೆ ಹೇಳಿದ್ದಿ, ಹೇಗೆ ಹೇಳಿದ್ದಿ ಎಂದು ಕೇಳಿದೆ. ತಮ್ಮನಿಗೆ ಹೇಳಿದ ಹಾಗೆ ಹೇಳತೊಡಗಿದಳು, ಮಾತು ತನ್ನಿಂದ ತಾನೇ ಕನ್ನಡಕ್ಕೆ ಬಂತು, ಇಪ್ಪತ್ತೈದು ನಿಮಿಷವಾದರೂ ಮುಗಿಯಲಿಲ್ಲ. ಆಮೇಲೆ ನಮ್ಮ ಕೆಲಸವೆಲ್ಲ ಕತ್ತರಿಸುವುದೇ ಆಯಿತು. ಸ್ವಂತ ಪರಿಚಯದ ಸ್ಲೈಡು ಹೋಯಿತು, ಪೈಥಾನ್ ಎಂದರೇನು ಎಂಬುದು ಹೋಯಿತು. ಮೊದಲ ಸ್ಲೈಡಿನಲ್ಲೇ ಆ ಗೊಂದಲದ ದರಪಟ್ಟಿ ಇಟ್ಟೆವು. ಕೋಡ್ ಒಂದು ಸಲಕ್ಕೆ ಎಂಟು ಸಾಲಿಗಿಂತ ಹೆಚ್ಚು ಬೇಡ. ಕಪ್ಪು ಹಿನ್ನೆಲೆ ಬೇಡ, ಕಾಲೇಜು ಹಾಲ್‌ಗಳಲ್ಲಿ ಕಿಟಕಿಯ ಬೆಳಕು ಬಿದ್ದರೆ ಏನೂ ಕಾಣುವುದಿಲ್ಲ. ಇಂಟರ್ನೆಟ್ ಬೇಕಾಗುವ ಡೆಮೊ ಇದ್ದರೆ ಮೊದಲೇ ರೆಕಾರ್ಡ್ ಮಾಡಿ ಲ್ಯಾಪ್‌ಟಾಪಿನಲ್ಲಿ ಇಟ್ಟುಕೊಂಡಿರಬೇಕು. ಉತ್ತರ ಗೊತ್ತಿಲ್ಲದ ಪ್ರಶ್ನೆ ಬಂದರೆ ಗೊತ್ತಿಲ್ಲ, ನೋಡಿ ಹೇಳುತ್ತೇನೆ ಎಂದು ಹೇಳುವುದನ್ನೂ ರಿಹರ್ಸಲ್ ಮಾಡಿಸಿದೆ. ಇದು ಹುಡುಗಿಯರಿಗೆ ಇನ್ನೂ ಮುಖ್ಯ. ಅವರನ್ನು ಪರೀಕ್ಷಿಸುವಂತೆ ಕೇಳುವವರು ಸಭೆಯಲ್ಲಿ ಒಬ್ಬರಾದರೂ ಇದ್ದೇ ಇರುತ್ತಾರೆ.

ಆ ಕಾರಣಕ್ಕೇ ನಡವಳಿಕೆಯ ನಿಯಮಗಳನ್ನು ಕನ್ನಡದಲ್ಲಿ ಬರೆದು ಬ್ಯಾಡ್ಜಿನ ಹಿಂದೆ ಮುದ್ರಿಸಿದೆವು, ಕೆಳಗೆ ಇಬ್ಬರ ಫೋನ್ ನಂಬರ್, ಅವರಲ್ಲಿ ಒಬ್ಬರು ಮಹಿಳೆ. ಪೈಥಾನ್ ಸಾಫ್ಟ್‌ವೇರ್ ಫೌಂಡೇಶನ್ ಯಾವುದೇ ಕಾನ್ಫರೆನ್ಸಿಗೆ ನೆರವು ಕೊಡಲು ಇಂಥ ನಿಯಮಾವಳಿ ಇರಲೇಬೇಕು ಎನ್ನುತ್ತದೆ. ನಾವು ಅವರ ನೆರವು ಕೇಳಿರಲಿಲ್ಲ, ಆದರೂ ಮಾಡಿದೆವು. ಮಗಳನ್ನು ಒಬ್ಬಳೇ ಕಳಿಸಬೇಕೋ ಬೇಡವೋ ಎಂದು ಯೋಚಿಸುವ ತಂದೆತಾಯಿ ಆ ಕಾಗದವನ್ನು ಓದುತ್ತಾರೆ. ಓದಿ ನನಗೆ ಫೋನ್ ಮಾಡಿದವರೂ ಇದ್ದಾರೆ.

ಹಿಂದಿನ ದಿನ ಸಂಜೆ ಎಲ್ಲ ಸ್ಪೀಕರ್‌ಗಳನ್ನೂ ಹಾಲ್‌ಗೆ ಕರೆಸಿದೆವು. ಯಾರೇ ಕೇಳಿದರೂ ಇದೊಂದನ್ನು ಮಾತ್ರ ತಪ್ಪಿಸಬೇಡಿ ಎಂದು ನಾನು ಹೇಳುವ ಹೆಜ್ಜೆ ಇದು. ಪ್ರೊಜೆಕ್ಟರ್ ಹಳೆಯದು, ವಿಜಿಎ ಮಾತ್ರ. ಹೊಸ ಲ್ಯಾಪ್‌ಟಾಪುಗಳಲ್ಲಿ ಟೈಪ್-ಸಿ ಬಿಟ್ಟರೆ ಬೇರೆ ತೂತಿಲ್ಲ. ಎರಡು ಬಗೆಯ ಕನೆಕ್ಟರ್ ತರಿಸಿ ಪೋಡಿಯಂಗೇ ದಾರದಿಂದ ಕಟ್ಟಿ ಇಟ್ಟೆವು. ಒಬ್ಬೊಬ್ಬರೂ ತಮ್ಮ ಸ್ಲೈಡ್ ಹಾಕಿ, ಕೆಳಗಿಳಿದು ಕೊನೆಯ ಸಾಲಿನಲ್ಲಿ ಕೂತು ತಾವೇ ಓದಿ ನೋಡಬೇಕು. ಕೂತ ಮೇಲೆ ಹೆಚ್ಚಿನವರು ಏನೂ ಹೇಳದೆ ಎದ್ದು ಹೋಗಿ ಅಕ್ಷರ ದೊಡ್ಡದು ಮಾಡಿದರು. ಕನ್ನಡ ಸ್ಲೈಡುಗಳನ್ನು ಪಿಡಿಎಫ್ ಮಾಡಿಸಿಕೊಂಡೆವು, ಬೇರೆ ಲ್ಯಾಪ್‌ಟಾಪಿನಲ್ಲಿ ಆ ಫಾಂಟ್ ಇಲ್ಲದಿದ್ದರೆ ಒತ್ತಕ್ಷರ ಒಡೆದು ಬರುತ್ತದೆ.

ಮರುದಿನ ಹಾಲ್ ತುಂಬಿತು. ಬೆಳಗಾವಿ, ರಾಣೆಬೆನ್ನೂರು, ಕೊಪ್ಪಳದಿಂದ ಬೆಳಗಿನ ಬಸ್ಸಿಗೆ ಬಂದವರಿದ್ದರು. ಬೆಂಗಳೂರಿನಿಂದ ಬಂದ ಒಬ್ಬ ಅತಿಥಿ ಓಪನ್ ಸೋರ್ಸ್ ಯೋಜನೆಗಳಿಗೆ ಕೋಡ್ ಕಳಿಸುವ ಬಗೆ ಹೇಳಿ, ಉಳಿದ ಹೊತ್ತೆಲ್ಲ ಕೇಳುವವರ ನಡುವೆ ಕೂತರು. ಬ್ಯಾಡಗಿಯ ಹುಡುಗಿಯ ಟಾಕ್ ಊಟಕ್ಕೆ ಮೊದಲು. ದರಪಟ್ಟಿಯ ಸ್ಲೈಡು ಬಂದಾಗ ನಗು ಎದ್ದಿತು. ಅದು ನಮ್ಮ ಆಫೀಸಿನಲ್ಲೂ ಹೀಗೇ ಎಂಬ ನಗು, ಆಕೆಗೂ ಅದು ತಿಳಿಯಿತು, ತಾನೂ ನಕ್ಕಳು. ಆಮೇಲೆ ದನಿ ನಡುಗಲಿಲ್ಲ. ಪ್ರಶ್ನೋತ್ತರಕ್ಕೆ ನಮ್ಮದೊಂದು ನಿಯಮವಿತ್ತು: ಮೊದಲ ಎರಡು ಪ್ರಶ್ನೆ ವಿದ್ಯಾರ್ಥಿಗಳದ್ದು, ಹಿರಿಯರು ಆಮೇಲೆ. ಹೀಗೆ ಮಾಡದಿದ್ದರೆ ಮುಂದಿನ ಸಾಲಿನ ನಾಲ್ವರೇ ಹೊತ್ತು ಮುಗಿಸುತ್ತಾರೆ. ಒಬ್ಬ ಹುಡುಗ, ಹೊಸ ತಳಿಯ ಹೆಸರು ಬಂದರೆ ನಿನ್ನ ಪ್ರೋಗ್ರಾಂ ಏನು ಮಾಡುತ್ತದೆ ಎಂದು ಕೇಳಿದ. ಯಾವುದಕ್ಕೂ ಸೇರಿಸದೆ ಪಕ್ಕಕ್ಕಿಟ್ಟು ಅಪ್ಪನಿಗೆ ತೋರಿಸುತ್ತೇನೆ, ಅವರು ಹೇಳಿದ ಮೇಲೆ ಪಟ್ಟಿಗೆ ಸೇರಿಸುತ್ತೇನೆ ಎಂದಳು. ಬ್ಯಾಂಕಿನ ಸಾಫ್ಟ್‌ವೇರ್ ಮಾಡುವ ಹಿರಿಯರೊಬ್ಬರು ಆ ಉತ್ತರವನ್ನು ಬರೆದುಕೊಂಡದ್ದನ್ನು ನಾನು ಪಕ್ಕದಲ್ಲೇ ಕೂತು ನೋಡಿದೆ.

ಊಟ ರೊಟ್ಟಿ ಕೇಂದ್ರ ನಡೆಸುವ ಹೆಣ್ಣುಮಕ್ಕಳದ್ದು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು. ಬಫೆ ಸಾಲು ಎರಡು ಕಡೆಯಿಂದ ಇಟ್ಟಿದ್ದಕ್ಕೆ ಅರ್ಧ ತಾಸಿನಲ್ಲಿ ಎಲ್ಲರೂ ಉಂಡು ಮುಗಿಸಿದರು. ಕಾರ್ಯಕ್ರಮದ ಹೊತ್ತು ಜಾರುವುದು ಯಾವಾಗಲೂ ಊಟದಲ್ಲೇ.

ಸಂಜೆ ಗಿರ್ಮಿಟ್, ಮಿರ್ಚಿ, ಚಹಾ ಆದ ಮೇಲೆ ಐದೈದು ನಿಮಿಷದ ಮಾತುಗಳು. ಇದಕ್ಕೆ ಮೊದಲೇ ಹೆಸರು ಕೇಳಿರಲಿಲ್ಲ. ಬೆಳಿಗ್ಗೆ ಬಾಗಿಲ ಬಳಿ ಒಂದು ಹಾಳೆ ಅಂಟಿಸಿದ್ದೆವು, ಮಧ್ಯಾಹ್ನದವರೆಗೆ ಎರಡೇ ಹೆಸರು. ಬ್ಯಾಡಗಿಯ ಟಾಕ್ ಮುಗಿದ ಮೇಲೆ ಹಾಳೆ ತುಂಬಿ ಹಿಂಬದಿಗೂ ಬರೆದಿದ್ದರು. ತಮ್ಮ ಅಂಗಡಿಯ ಉದ್ರಿ ಪುಸ್ತಕವನ್ನು ಸ್ಪ್ರೆಡ್‌ಶೀಟಿಗೆ ಇಳಿಸಿದವನು, ಬಸ್ ನಿಲ್ದಾಣದ ಬೋರ್ಡುಗಳ ಫೋಟೋದಿಂದ ಕನ್ನಡ ಅಕ್ಷರ ಓದಿಸಲು ಹೊರಟವಳು, ಹಳೆಯ ಲ್ಯಾಪ್‌ಟಾಪುಗಳಿಗೆ ಲಿನಕ್ಸ್ ಹಾಕಿ ಸರ್ಕಾರಿ ಶಾಲೆಗೆ ಕೊಟ್ಟ ಒಬ್ಬ ಮೇಷ್ಟ್ರು. ಐದು ನಿಮಿಷಕ್ಕೆ ಗಂಟೆ ಬಾರಿಸುವ ಕೆಲಸ ನನ್ನದು. ಮೇಷ್ಟ್ರ ಸರದಿಯಲ್ಲಿ ಗಂಟೆ ಬಾರಿಸಿದರೆ ಸಭೆಯೇ ಬೇಡ ಎಂದು ಕೂಗಿತು, ಇನ್ನೆರಡು ನಿಮಿಷ ಕೊಟ್ಟೆ.

ಕಾರ್ಯಕ್ರಮ ಮುಗಿದ ಮೇಲಿನ ಕೆಲಸವನ್ನು ಹೆಚ್ಚಿನ ಗುಂಪುಗಳು ಅರ್ಧಕ್ಕೇ ಬಿಡುತ್ತವೆ, ಎಲ್ಲರೂ ದಣಿದಿರುತ್ತಾರೆ. ಲೆಕ್ಕವನ್ನು ಎರಡು ವಾರದಲ್ಲಿ ಮುಗಿಸಿ, ಬಂದದ್ದು ಹೋದದ್ದು ಎಲ್ಲವನ್ನೂ ಟಿಕೆಟ್ ಕೊಂಡವರಿಗೆಲ್ಲ ಕಳಿಸಿದೆವು. ಉಳಿದ ಹಣವನ್ನು ಮುಂದಿನ ವರ್ಷ ದೂರದಿಂದ ಬರುವ ಹೊಸ ಸ್ಪೀಕರ್‌ಗಳ ಬಸ್ ಖರ್ಚಿಗೆಂದು ತೆಗೆದಿಟ್ಟೆವು. ವಿಡಿಯೋಗಳನ್ನು ಸ್ಪೀಕರ್ ಒಪ್ಪಿದ ಮೇಲಷ್ಟೇ ಹಾಕಿದೆವು. ಒಬ್ಬಳು ಬೇಡ ಅಂದಳು, ಹಾಕಲಿಲ್ಲ. ಕಾರಣ ಕೇಳಲೂ ಇಲ್ಲ.

ಈ ವರ್ಷದ ಪ್ರಪೋಸಲ್ ಓದುವ ಮೂವರಲ್ಲಿ ಬ್ಯಾಡಗಿಯ ಹುಡುಗಿಯೂ ಒಬ್ಬಳು. ಹೋದ ಭಾನುವಾರ ಸೇರಿದಾಗ ಹಾಲಿನ ಡೈರಿಯ ಫ್ಯಾಟ್ ಲೆಕ್ಕದ ಬಗ್ಗೆ ಬಂದ ಒಂದು ಪ್ರಪೋಸಲ್‌ಗೆ ನಾನು ಕಡಿಮೆ ಅಂಕ ಕೊಟ್ಟಿದ್ದೆ, ಬರವಣಿಗೆ ಹಿಡಿತಕ್ಕೆ ಸಿಕ್ಕಿರಲಿಲ್ಲ. ‘ಅಕ್ಕಾ, ಕೊನೀ ಪ್ಯಾರಾ ಓದ್ರಿ’ ಎಂದಳು. ಓದಿದೆ. ಅಂಕ ತಿದ್ದಿದೆ. ಆ ಸ್ಪೀಕರ್‌ನ ಜೊತೆಗಾರ್ತಿಯಾಗಿ ಆಕೆಯೇ ಹೆಸರು ಬರೆಸಿದ್ದಾಳೆ, ಮೊದಲ ರಿಹರ್ಸಲ್ ಬರುವ ಶನಿವಾರ.